ಏಕಾಂತಯ್ಯ ಮೇಷ್ಟ್ರ ದೊಡ್ಡ ಕರುಳು

ಮೇ ೮, ೨೦೦೦, ಸೋಮವಾರ. ಓಟ: ೯

ದಿನಚರಿ ಬರೆಯುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ಕೈಕಾಲು ಆಡಿಸಲು ಸೋಮಾರಿತನ ಇರುವವರ ಕೆಲಸ ಅದು. ಆದರೂ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ರಾಜಾಜಿನಗರದಲ್ಲಿ ಹೇಮಶ್ರೀ ಎಂಬ ಹುಡುಗಿ ಇದ್ದಾಳೆ, ಕರುಳಿನ ಡಾಕ್ಟರಂತೆ. ದಿನಕ್ಕೆ ಎಷ್ಟು ಸಲ ಕಕ್ಕಸಿಗೆ ಓಡುತ್ತೀರಿ, ಬರೆದಿಟ್ಟು ತನ್ನಿ ಎಂದು ಅಪ್ಪಣೆ ಕೊಡಿಸಿದ್ದಾಳೆ. ಇಪ್ಪತ್ತನಾಲ್ಕು ವರ್ಷ ಪಿ.ಟಿ. ಮೇಷ್ಟ್ರಾಗಿ ಸಾವಿರಾರು ಮಕ್ಕಳ ಓಟ ಬರೆದಿಟ್ಟವನು ನಾನು. ಈಗ ನನ್ನ ಓಟ ಬರೆದುಕೊಳ್ಳುವ ಕಾಲ ಬಂತು.

ಕಾಯಿಲೆಯ ಹೆಸರು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಗೋಡೆ ಕೆಂಪಾಗಿ, ಹುಣ್ಣಾಗಿ, ರಕ್ತ ಹೋಗುತ್ತದೆ. ಮೂರು ವರ್ಷ ಮೂಲವ್ಯಾಧಿ ಅಂದುಕೊಂಡು ಮೂಲಂಗಿ ತಿಂದೆ. ಮನೆಯವರೆಲ್ಲ ನನ್ನ ಜೊತೆ ಮೂಲಂಗಿ ತಿಂದರು.

"ಸಾರ್, ಜೂನ್ ಕೊನೇಗೆ ಮತ್ತೆ ಕರುಳೊಳಗೆ ಕ್ಯಾಮೆರಾ ನಳಿಗೆ ಹಾಕಿ ನೋಡ್ತೀನಿ. ಆಗ್ಲೂ ಹೀಗೇ ಇದ್ರೆ ದೊಡ್ಡ ಕರುಳನ್ನೇ ತೆಗೀಬೇಕಾಗುತ್ತೆ. ಆಮೇಲೆ ಮಲ ಹೋಗೋಕೆ ಹೊಟ್ಟೆ ಮೇಲೊಂದು ಚೀಲ," ಎಂದಳು ಹೇಮಶ್ರೀ. ಮಾರ್ಕ್ಸ್ ಕಾರ್ಡ್ ಓದಿದ ಹಾಗೆ ಹೇಳಿಬಿಟ್ಟಳು. ನನ್ನ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ನನ್ನ ಕರುಳನ್ನು ಹೊಡೆಯುತ್ತಿದೆಯಂತೆ. ಅದನ್ನು ತಗ್ಗಿಸಲು ಮಾತ್ರೆ ಬರೆದುಕೊಟ್ಟಳು. ಹೊರಡುವಾಗ ನನ್ನನ್ನು ಹೊರಗೆ ಕೂರಿಸಿ ನನ್ನ ಹೆಂಡತಿ ಸುವರ್ಣಾಳನ್ನು ಒಳಗೆ ಕರೆದು ಹತ್ತು ನಿಮಿಷ ಪಿಸುಗುಟ್ಟಿದಳು. ಏನೆಂದು ಕೇಳಿದರೆ ಸುವರ್ಣಾ, "ಏನಿಲ್ಲ, ಅಡುಗೆ ವಿಷಯ," ಎಂದಳು.

ಹೊಟ್ಟೆ ಮೇಲೆ ಚೀಲ ಕಟ್ಟಿಕೊಂಡು ಮೈದಾನದಲ್ಲಿ ನಿಲ್ಲುವುದು ಹೇಗೆ? ಭಯವಾಗುತ್ತಿದೆ. ಇದನ್ನು ಯಾರಿಗೂ ಹೇಳುವವನಲ್ಲ.

ಮೇ ೧೦, ಬುಧವಾರ. ಓಟ: ೧೦

ಯೋಚಿಸಿ ನೋಡಿದೆ. ಶಕ್ತಿ ತಗ್ಗಿಸುವುದೆಂದರೇನು? ಸೋಲುತ್ತಿರುವ ಕಬಡ್ಡಿ ತಂಡದವರಿಗೆ ಯಾರಾದರೂ ಊಟ ಕಡಿಮೆ ಮಾಡುತ್ತಾರೆಯೇ? ಚೀಟಿಯಲ್ಲಿ ಸ್ಟೀರಾಯ್ಡ್ ಬೇರೆ ಇದೆ. ಕದ್ದು ನುಂಗಿ ಸಿಕ್ಕಿಬಿದ್ದು ಪದಕ ಕಳೆದುಕೊಳ್ಳುತ್ತಾರಲ್ಲ, ಆ ಜಾತಿಯದು. ಅದರ ವಿರುದ್ಧ ಪ್ರತಿ ಕ್ರೀಡಾಕೂಟದಲ್ಲೂ ಭಾಷಣ ಮಾಡಿದವನು ನಾನು. ಛೀ.

ಆದ್ದರಿಂದ ಮಾತ್ರೆಗಳು ದಿನಾ ಬೆಳಗ್ಗೆ ಕರಿಬೇವಿನ ಕುಂಡದ ಮಣ್ಣಿಗೆ. ನನಗೆ ಅಮೃತಬಳ್ಳಿ ಕಷಾಯ. ಪಾರ್ಕಿನ ಬೇಲಿಯಿಂದ ನಾನೇ ಬಳ್ಳಿ ಕಿತ್ತು ತಂದಿದ್ದೇನೆ, ಸುವರ್ಣಾ ಮರುಮಾತಾಡದೆ ಕುದಿಸಿ ಕೊಡುತ್ತಾಳೆ. ಕಹಿ ಎಂದರೆ ಕಹಿ! ಕುಡಿದ ಅರ್ಧ ಗಂಟೆಗೆಲ್ಲ ಶಕ್ತಿ ನರನರದಲ್ಲಿ ಹರಿಯುವುದು ಗೊತ್ತಾಗುತ್ತದೆ. ಇವತ್ತು ಅದೇ ಹುರುಪಿನಲ್ಲಿ ಹಾಲಿನವನಿಗೆ ನೀರು ಬೆರೆಸಿದ್ದಕ್ಕೆ, ಪೇಪರಿನವನಿಗೆ ಗೇಟಿನ ಆಚೆ ಎಸೆದದ್ದಕ್ಕೆ, ಪಕ್ಕದ ಮನೆಯವರಿಗೆ ಅವರ ನಾಯಿ ನನ್ನನ್ನು ನೋಡಿದ್ದಕ್ಕೆ ಸರಿಯಾಗಿ ಬೈದೆ.

ಮೇ ೧೫, ಸೋಮವಾರ. ಓಟ: ೧೧

ಗ್ರಹಚಾರ. ಬೇಸಿಗೆ ರಜೆಯಲ್ಲಿ ಮನೆ ಗಣತಿಯ ಕೆಲಸ ಬಿದ್ದಿದೆ. ಹೊಸಹಳ್ಳಿಯಿಂದ ಚಂದ್ರಾ ಲೇಔಟಿನ ಅಂಚಿನವರೆಗೆ ನೂರೈವತ್ತು ಮನೆ. ಒಂದೊಂದಕ್ಕೂ ಹೋಗಿ ಗೋಡೆ ಎಂಥದು, ಸೂರು ಎಂಥದು, ನೀರು ಎಲ್ಲಿಂದ ಎಂದು ಬರೆಯಬೇಕು.

"ಏನ್ರೀ ಏಕಾಂತಯ್ಯ, ಸೊರಗಿದೀರಲ್ಲ? ಹುಷಾರಿಲ್ಲ ಅಂದ್ರೆ ಹೇಳಿ, ಡಾಕ್ಟರ್ ಸರ್ಟಿಫಿಕೇಟ್ ಕೊಟ್ರೆ ಬೇರೆಯವರನ್ನ ಹಾಕ್ತೀನಿ," ಎಂದರು ಹೆಡ್‌ಮಾಸ್ಟರ್ ಚಕ್ರಪಾಣಿ.

ಸರ್ಟಿಫಿಕೇಟು ಕೊಟ್ಟರೆ ಗುಮಾಸ್ತ ಓದುತ್ತಾನೆ. ಗುಮಾಸ್ತ ಓದಿದರೆ ಊರೇ ಓದಿದಂತೆ. ನನ್ನ ಪೀರಿಯಡ್ಡಿನಲ್ಲಿ ಯಾವ ಹುಡುಗನೂ ಎರಡು ಬೆರಳು ಎತ್ತಿ ಹೊರಗೆ ಹೋದ ಚರಿತ್ರೆ ಇಲ್ಲ. "ಕಟ್ಕೊಂಡು ನಿಲ್ಲೋ, ಶಿಸ್ತು ಅಂದ್ರೆ ಅದೇ," ಎನ್ನುತ್ತಿದ್ದೆ. ಆ ಹುಡುಗರಿಗೆ ನನ್ನ ಹನ್ನೊಂದರ ವಿಷಯ ಗೊತ್ತಾದರೆ?

"ನನಗೇನಾಗಿದೆ ಸಾರ್, ಗುಂಡುಕಲ್ಲು," ಎಂದೆ. ಎಂದವನು ಅಲ್ಲಿಂದಲೇ ಸ್ಟಾಫ್ ರೂಮಿನ ಹಿಂದಕ್ಕೆ ಓಡಿದೆ.

ಮೇ ೧೭, ಬುಧವಾರ. ಓಟ: ೧೧

ಮೊದಲ ದಿನದ ಗಣತಿ, ಚಂದ್ರಾ ಲೇಔಟ್. ಮೂರು ಮನೆ ಸಲೀಸಾಗಿ ಆಯಿತು. ನಾಲ್ಕನೆಯ ಮನೆಯಲ್ಲಿ ದೀಪದ ಪ್ರಶ್ನೆ ಮುಗಿಸುವ ಹೊತ್ತಿಗೆ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಯಿತು. ದೇವರು ದೊಡ್ಡವನು, ಮುಂದಿನ ಪ್ರಶ್ನೆಯೇ ಶೌಚಾಲಯದ್ದು.

"ಶೌಚಾಲಯ ಇದೆಯೇ?" ಎಂದೆ. ದನಿ ಸ್ವಲ್ಪ ಏರಿತ್ತೋ ಏನೋ.

"ಇದೆ ಸಾರ್," ಎಂದರು ಯಜಮಾನರು.

"ತೋರಿಸಿ."

"ತೋರಿಸ್ಬೇಕಾ?"

"ಖುದ್ದು ಪರಿಶೀಲನೆ. ಮೇಲಿನವರ ಆದೇಶ. ಬೇಗ!"

ಪರಿಶೀಲನೆ ಹದಿನೈದು ನಿಮಿಷ ನಡೆಯಿತು. ಹೊರಗೆ ಬಂದರೆ ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದಾರೆ. "ಸರಿ ಇದೆಯಾ ಸಾರ್?" ಎಂದು ಯಜಮಾನರು ಕೈ ಹೊಸೆದುಕೊಂಡು ಕೇಳಿದರು. "ನೀರು ಚೆನ್ನಾಗಿ ಬರುತ್ತೆ," ಎಂದು ಗಂಭೀರವಾಗಿ ಬರೆದುಕೊಂಡೆ. ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ. ಎದುರುಮನೆಯ ಆಂಟಿ ಫಿನಾಯಿಲ್ ಹಾಕಿ ತಿಕ್ಕಿ ತೊಳೆದು, ಹೊಸ ಸೋಪು ಇಟ್ಟು ಕಾಯುತ್ತಿದ್ದರು. ಅಲ್ಲಿ ನನಗೆ ಅವಶ್ಯಕತೆ ಇರಲಿಲ್ಲ. ಆದರೂ ಒಳಗೆ ಹೋಗಿ ಎರಡು ನಿಮಿಷ ನಿಂತು ಬಂದೆ. ಪಾಪ, ಅಷ್ಟೊಂದು ತೊಳೆದಿದ್ದರು.

ಮೇ ೧೯, ಶುಕ್ರವಾರ. ಓಟ: ೧೩

ಕಷಾಯ ಎರಡು ಲೋಟ ಮಾಡಿದ್ದೇನೆ. ಪ್ಯಾಂಟು ಸಡಿಲ. ರಕ್ತ. ಏನೂ ಬರೆಯಲು ಮನಸ್ಸಿಲ್ಲ.

ಮೇ ೨೩, ಮಂಗಳವಾರ. ಓಟ: ೧೨

ಇವತ್ತು ಹೊಸಹಳ್ಳಿಯ ಒಂದು ವಠಾರ. ಏಳು ಮನೆ, ಒಂದೇ ಕಕ್ಕಸು. ಎಲ್ಲರೂ ಕೊಪ್ಪಳ, ಗಂಗಾವತಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಕಕ್ಕಸಿಗೆ ಬೀಗ. ಬೀಗದ ಕೈಯನ್ನು ಒಂದು ತೆಂಗಿನ ಚಿಪ್ಪಿಗೆ ಕಟ್ಟಿ ಹಾಲವ್ವ ಎಂಬ ಹೆಂಗಸಿನ ಬಾಗಿಲ ಮೊಳೆಗೆ ನೇತುಹಾಕಿದ್ದಾರೆ. ಬೇಕಾದವರು ಅವಳ ಹತ್ತಿರ ಬಂದು ಇಸಿದುಕೊಂಡು ಹೋಗಬೇಕು, ತಂದು ಅವಳ ಕೈಗೇ ಕೊಡಬೇಕು.

ನಾನು ಹೋದಾಗ ಬೆಳಗಿನ ಎಂಟು ಗಂಟೆ. ಐದು ಜನ ಕೊಡ, ಚೊಂಬು ಹಿಡಿದು ಸಾಲಿನಲ್ಲಿದ್ದರು. ಇಬ್ಬರು ಹೆಂಗಸರು ನಾನು ಮೊದಲು, ತಾನು ಮೊದಲು ಎಂದು ಜುಟ್ಟಿಗೆ ಕೈ ಹಾಕುವುದರಲ್ಲಿದ್ದರು. ನಾನು ಅಭ್ಯಾಸಬಲದಿಂದ ವಿಷಲ್ ಊದಿದೆ. ಇಬ್ಬರೂ ಜಗಳ ಬಿಟ್ಟು ನನ್ನ ಮೇಲೆ ತಿರುಗಿದರು.

ಹಾಲವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಕೂಗಲಿಲ್ಲ. ಒಬ್ಬಳ ಹೆಗಲ ಮೇಲೆ ಕೈಯಿಟ್ಟು, "ಬಿಡವ್ವಾ, ಅಕೀಗೂ ಕೆಲಸಕ್ಕ ಹೊತ್ತಾಗೇತಿ. ನೀ ಒಂದೀಟ ಕುಂದ್ರು, ಚಾ ಕುಡಿ," ಎಂದಳು. ಅಷ್ಟೇ. ಜಗಳ ಮುಗಿಯಿತು. ಇಪ್ಪತ್ತನಾಲ್ಕು ವರ್ಷ ಗಂಟಲು ಹರಿದುಕೊಂಡವನು ನಾನು ಬಾಯಿಬಿಟ್ಟುಕೊಂಡು ನೋಡುತ್ತ ನಿಂತೆ.

ಆಗಲೇ ನನ್ನ ಹೊಟ್ಟೆ ಶುರುಮಾಡಿತು. ಪರಿಶೀಲನೆಯ ನಾಟಕ ಇಲ್ಲಿ ನಡೆಯುವಂತಿರಲಿಲ್ಲ, ಐದು ಜನ ಕಾಯುತ್ತಿದ್ದಾರೆ. ಬೆವರು ಕಿತ್ತುಕೊಂಡು ಬಂತು. ನಾನು, ಏಕಾಂತಯ್ಯ, ಹಾಲವ್ವನ ಮುಂದೆ ನಿಂತು ಎರಡು ಬೆರಳು ಎತ್ತಿದೆ.

"ಅಯ್ಯ ಸರ, ಮಾರಿ ಎಷ್ಟ ಬಾಡೇತಿ! ಹೊಟ್ಟಿ ಕೆಟ್ಟೇತೇನ್ರಿ?" ಎಂದು ಬೀಗದ ಕೈ ಕೊಟ್ಟಳು.

ಸಾಲಿನ ಮುಂದಿದ್ದ ಯುವಕ, ಬೆಂಗಳೂರಿನ ಮಾತು ಕಲಿತವನು, "ಏನಕ್ಕಾ, ಬರ್ಕೊಳಕ್ ಬಂದೋರಿಗೆಲ್ಲಾ ನಮ್ದೇ ಕಕ್ಕಸಾ?" ಎಂದು ಅಡ್ಡ ನಿಂತ.

"ಏ ತಮ್ಮಾ, ಸರಿ ಅತ್ತಾಗ. ಅವರೂ ಉಣ್ಣೂ ಮನಷ್ಯಾರ. ನಮ್ಮವರ ಅಂತ ತಿಳಿ, ಹೋಗಲಿ ಬಿಡು."

ಸರಿದು ನಿಂತ. ಬಾಗಿಲಿಗೆ ಚಿಲಕ ಇರಲಿಲ್ಲ. ಅವನೇ ಹೊರಗಿನಿಂದ ಬಾಗಿಲು ಹಿಡಿದುಕೊಂಡ. ನಾನು ಹೊರಗೆ ಬಂದಾಗ ಯಾರೂ ನಗಲಿಲ್ಲ. ಹಾಲವ್ವ ಮಜ್ಜಿಗೆಗೆ ಉಪ್ಪು ಹಾಕಿ ಇಟ್ಟಿದ್ದಳು. ಕುಡಿದೆ. ಹೊರಗಿನ ಮನೆಗಳಲ್ಲಿ ನೀರೂ ಕುಡಿಯುವವನಲ್ಲ ನಾನು, ಅದೇನೋ ಕುಡಿದೆ.

ಮೇ ೨೪, ಬುಧವಾರ. ಓಟ: ೧೨

ಡಾಕ್ಟರ್ ಹೇಮಶ್ರೀ ನನ್ನ ಓಟದ ಪಟ್ಟಿ ನೋಡಿದಳು. ತೂಕ ನೋಡಿದಳು, ನಾಲ್ಕು ಕೆ.ಜಿ. ಇಳಿದಿದೆ. ರಕ್ತದ ವರದಿ ನೋಡಿದಳು. "ಮಾತ್ರೆ ಸರಿಯಾಗಿ ತಗೊಂಡ್ರೂ ಹೀಗಾ ಸಾರ್?"

"ಒಂದೂ ತಪ್ಪಿಸಿಲ್ಲ," ಎಂದೆ. ಒಂದೂ ನುಂಗಿರಲಿಲ್ಲವಾದ್ದರಿಂದ ಆ ಮಾತಿನಲ್ಲಿ ಒಂದು ಶಿಸ್ತು ಇತ್ತು.

"ಹಾಗಾದ್ರೆ ಕಾಯೋದು ಕಷ್ಟ. ಸರ್ಜನ್ ಹತ್ರ ಮಾತಾಡಿರ್ತೀನಿ. ಜೂನ್ ಇಪ್ಪತ್ತೆಂಟಕ್ಕೆ ನಳಿಗೆ. ಅವತ್ತೇ ತೀರ್ಮಾನ."

ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ. ಕುರ್ಚಿ ಹತ್ತಿರ ಎಳೆದುಕೊಂಡಳು. "ಸಾರ್, ಅವತ್ತು ನೀವು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ನಿಮಗೆ ಶಕ್ತಿ ಕಮ್ಮಿ ಆಗಿಲ್ಲ. ಜಾಸ್ತಿ ಆಗಿದೆ. ನಮ್ಮೆಲ್ಲರ ಕರುಳಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಬಾಡಿಗೆಗಿದಾವೆ. ಒಳ್ಳೆ ಬಾಡಿಗೆದಾರರು. ಅವುಗಳ ಪಕ್ಕದಲ್ಲೇ ಕಾವಲಿನ ಬಿಳಿ ರಕ್ತಕಣಗಳು ದೊಣ್ಣೆ ಹಿಡ್ಕೊಂಡು ಕೂತಿರ್ತಾವೆ. ದಿನಾ ಹೊಡೆದಾಟ ಆಗ್ಬೇಕಲ್ವಾ? ಯಾಕಾಗಲ್ಲ?"

"ಯಾಕಾಗಲ್ಲ?"

"ಇನ್ನೊಂದು ಬಗೆಯ ಕಣ ಇದೆ. ರೆಗ್ಯುಲೇಟರಿ ಕಣ ಅಂತೀವಿ. ಅದು ಯಾರನ್ನೂ ಹೊಡೆಯಲ್ಲ. ಹೊಡೆಯೋಕೆ ಎದ್ದೋರನ್ನ ತಡೆದು ಕೂರಿಸೋದೇ ಅದರ ಕೆಲಸ. ಅಂಥ ಕಣ ಇಲ್ಲದ ಇಲಿಗಳಿಗೆ ನಿಮ್ಮ ಹಾಗೇ ಕರುಳು ಹುಣ್ಣಾಗುತ್ತೆ. ಆ ಕಣ ಕೊಟ್ಟು ನೋಡಿದ್ರೆ ಹುಣ್ಣು ಆಗಲ್ಲ. ಮನುಷ್ಯರಿಗೆ ಅದನ್ನೇ ಔಷಧಿ ಮಾಡಿ ಕೊಡೋ ಕಾಲ ಇನ್ನೂ ಬಂದಿಲ್ಲ ಸಾರ್. ಸದ್ಯ ಇರೋದು ಮಾತ್ರೆ. ಗಲಾಟೆ ತಗ್ಗಿಸುತ್ತೆ. ಗಲಾಟೆ ತಗ್ಗಿದ್ರೆ ಬುದ್ಧಿ ಹೇಳೋರ ಮಾತು ನಾಲ್ಕು ಜನಕ್ಕೆ ಕೇಳ್ಸುತ್ತೆ."

"ಆ ಕಣ ಹೇಗೆ ತಡೆಯುತ್ತೆ ಮೇಡಂ? ವಿಷಲ್ ಊದುತ್ತಾ?"

"ಇಲ್ಲ ಸಾರ್. ಮೆತ್ತಗೆ, ಪಕ್ಕದಲ್ಲಿ ನಿಂತು, ಬಿಡ್ರೋ, ಇವರು ನಮ್ಮೋರೇ ಅಂತ ಸಿಗ್ನಲ್ ಕೊಡುತ್ತೆ."

ನನಗೆ ಹಾಲವ್ವನ ಹಿಟ್ಟಿನ ಕೈ ಕಣ್ಣ ಮುಂದೆ ಬಂತು. ಹದಿನೈದು ದಿನದಿಂದ ನಾನು ಹೊಟ್ಟೆಯೊಳಗಿನ ಪುಂಡರಿಗೆ ಲೋಟಗಟ್ಟಲೆ ಕಷಾಯ ಕುಡಿಸಿ, "ಹೊಡೀರೋ, ಇನ್ನೂ ಜೋರಾಗಿ ಹೊಡೀರೋ," ಎಂದು ಹುರಿದುಂಬಿಸಿದ್ದೇನೆ. ಎಂಥ ಪೆದ್ದ ನಾನು. ಆದರೂ ಮಾತ್ರೆಯ ವಿಷಯ ಹೇಳಲು ಬಾಯಿ ಬರಲಿಲ್ಲ.

ಮೇ ೨೫, ಗುರುವಾರ. ಓಟ: ೧೨

ಹೇಳಬೇಕಾಗಿಯೂ ಬರಲಿಲ್ಲ. ಬೆಳಗ್ಗೆ ತಟ್ಟೆಯಲ್ಲಿ ಇಡ್ಲಿ ಇರಲಿಲ್ಲ. ತೊಳೆದು ಒರೆಸಿದ ಮಾತ್ರೆಗಳು ಇದ್ದವು, ಅರ್ಧ ಕರಗಿದವು, ಇಡಿಯವು, ಎಲ್ಲಾ.

"ಗಿಡಕ್ಕೆ ಮಣ್ಣು ಸಡಿಲ ಮಾಡೋಕೆ ಹೋದೆ," ಎಂದಳು ಸುವರ್ಣಾ. ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವಳು ಗೋಡೆಗೆ ಒರಗಿ ಅಳತೊಡಗಿದಳು. "ಕರುಳು ತೆಗೀತಾರಂತೆ ಅಂತ ಆ ಡಾಕ್ಟರಮ್ಮ ಮೊದಲ ದಿನಾನೇ ನಂಗೆ ಹೇಳಿದ್ರು. ನೀವು ಹೆದರ್ತೀರ ಅಂತ ನಾನು ಬಾಯಿ ಬಿಡಲಿಲ್ಲ. ದೇವರ ಮನೇಲಿ ದಿನಾ ನಿಂತು ಬೇಡ್ಕೊಳ್ತಾ ಇದೀನಿ, ನೀವು ಕರಿಬೇವಿಗೆ ಔಷಧಿ ಕೊಡ್ತಿದೀರ!"

ನಾನೂ ಹೆದರಿದ್ದೇನೆ ಎಂದೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಹಾಗೆಂದೆ. ಆಮೇಲೆ, "ಕಷಾಯಾನೂ ನಿಲ್ಲಿಸಿಬಿಡ್ತೀನಿ ಕಣೇ. ಅದೇ ಎಲ್ಲಾ ಹಾಳುಮಾಡಿದ್ದು," ಎಂದೆ.

"ಯಾವ ಕಷಾಯ?" ಎಂದು ಕಣ್ಣೊರೆಸಿಕೊಂಡಳು. "ಶಕ್ತಿ ಜಾಸ್ತಿ ಮಾಡೋದು ಏನೂ ಕೊಡಬೇಡಿ ಅಂತ ಡಾಕ್ಟರಮ್ಮ ಅವತ್ತೇ ಹೇಳಿದ್ರು. ನೀವು ತಂದ ಬಳ್ಳಿ ಬೀದಿ ಹಸುಗೆ ಹಾಕಿದೆ. ನೀವು ಕುಡಿದಿದ್ದು ಮೆಂತ್ಯ ನೆನೆಸಿದ ನೀರು."

ನರನರದಲ್ಲಿ ಹರಿದ ಆ ಶಕ್ತಿ ಮೆಂತ್ಯದ್ದೇ? ಹಾಲಿನವನಿಗೆ ಅಷ್ಟೊಂದು ಬೈದದ್ದು ಮೆಂತ್ಯದ ನೀರು ಕುಡಿದೇ? ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮೊದಲು ಅವಳು ನಕ್ಕಳು. ನಾನು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡು ಓಡಬೇಕಾಯಿತು. ವಾಪಸ್ಸು ಬಂದು ಹೊಸ ಪಟ್ಟಿಯಿಂದ ಮಾತ್ರೆ ನುಂಗಿದೆ. ಅವಳು ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡಿದಳು. ಡಾಕ್ಟರಿಗೆ ಬೂತಿನಿಂದ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಅವರು, "ಕರಿಬೇವು ಹೇಗಿದೆ ಸಾರ್?" ಎಂದರು.

ಜೂನ್ ೧, ಗುರುವಾರ. ಓಟ: ೮

ಶಾಲೆ ಶುರು. ಈ ವರ್ಷದ ಮಕ್ಕಳು ಯಾವುದಕ್ಕೂ ಬಾರದವರು. ಒಂದೇ ಪೀರಿಯಡ್ಡಿನಲ್ಲಿ ಹನ್ನೊಂದು ಜನ ಬೆರಳೆತ್ತಿ ಹೊರಗೆ ಹೋದರು. ನಮ್ಮ ಕಾಲದಲ್ಲಿ, ಹೋದ ವರ್ಷದವರೆಗೂ, ಒಬ್ಬನೂ ಹೋಗುತ್ತಿರಲಿಲ್ಲ. ಮಕ್ಕಳ ಹೊಟ್ಟೆಗೆ ಏನಾಗಿದೆಯೋ.

ಚಕ್ರಪಾಣಿ, "ಎಲ್ರೀ ನಿಮ್ಮ ವಿಷಲ್? ಇವತ್ತು ಸ್ಕೂಲೇ ತಣ್ಣಗಿದೆ," ಎಂದರು. ಜೇಬು ಮುಟ್ಟಿ ನೋಡಿಕೊಂಡೆ, ಇಲ್ಲ. ಎಲ್ಲಿಟ್ಟೆನೋ. ಹುಡುಕಬೇಕು.

ಜೂನ್ ೯, ಶುಕ್ರವಾರ. ಓಟ: ೫

ಗಣತಿಯ ಪುಸ್ತಕ ಒಪ್ಪಿಸಿ, ಬರುವ ದಾರಿಯಲ್ಲಿ ವಠಾರಕ್ಕೆ ಹೋಗಿ ಕಕ್ಕಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಅಂದು ಬಾಗಿಲು ಹಿಡಿದಿದ್ದ ಯುವಕ ಮೊಳೆ ಹಿಡಿದುಕೊಂಡ, ನಾನು ಅವನ ಹೆಬ್ಬೆರಳಿಗೂ ಒಂದೇಟು ಹಾಕಿದೆ. ಹಾಲವ್ವನವರು, "ಹೊಟ್ಟಿ ಈಗ ಹೆಂಗೈತ್ರಿ ಸರ?" ಎಂದು ಏಳೂ ಮನೆಗೆ ಕೇಳುವಂತೆ ವಿಚಾರಿಸಿದರು. ಎಲ್ಲರೂ ಬಂದು ನಿಂತರು. ಹೇಳಿದೆ.

ಜೂನ್ ೧೯, ಸೋಮವಾರ. ಓಟ: ೩

ಸುವರ್ಣಾ ಇವತ್ತು ಹಾಗಲಕಾಯಿ ಪಲ್ಯ ಮಾಡಿದ್ದಳು. ಉಪ್ಪು ಜಾಸ್ತಿ. ತಿಂದೆ.

ಜೂನ್ ೨೭, ಮಂಗಳವಾರ. ಓಟ: ಲೆಕ್ಕವಿಲ್ಲ, ಕರುಳು ಖಾಲಿ ಮಾಡುವ ಔಷಧಿ ಕೊಟ್ಟಿದ್ದಾರೆ

ನಾಳೆ ತೀರ್ಮಾನ. ಓಟ ತಗ್ಗಿದ ಮಾತ್ರಕ್ಕೆ ಒಳಗೆ ಹುಣ್ಣು ಮಾಗಿದೆ ಎಂದೇನೂ ಅಲ್ಲ ಎಂದಿದ್ದಾರೆ ಡಾಕ್ಟರು. ಸರ್ಜನ್ನರೂ ಬಂದಿರುತ್ತಾರಂತೆ. ಐವತ್ತು ವರ್ಷ ಈ ಕರುಳಿಗೆ ನಾನು ಒಂದು ಒಳ್ಳೆಯ ಮಾತು ಆಡಿದವನಲ್ಲ. ಇದ್ದುಬಿಡಪ್ಪ, ನನ್ನನ್ನು ಬಿಟ್ಟು ಹೋಗಬೇಡ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದೆ. ಯಾರೂ ನೋಡಲಿಲ್ಲ ತಾನೆ ಎಂದು ಬಾಗಿಲ ಕಡೆ ನೋಡಿದರೆ ಸುವರ್ಣಾ ನಿಂತಿದ್ದಳು. ಬಂದು ಪಕ್ಕದಲ್ಲಿ ಕೂತಳು.

ಜೂನ್ ೨೮, ಬುಧವಾರ.

ಮಂಪರಿನ ಇಂಜೆಕ್ಷನ್ ಬೇಡ, ಎಚ್ಚರವಾಗಿಯೇ ನೋಡುತ್ತೇನೆ ಎಂದು ಹಟ ಹಿಡಿದೆ. ಎಡಮಗ್ಗುಲಾಗಿ ಮಲಗಿಸಿದರು. ಟಿ.ವಿ. ಪರದೆಯ ಮೇಲೆ ನನ್ನ ಕರುಳು. ಮೇ ತಿಂಗಳಲ್ಲಿ ತೋರಿಸಿದ ಚಿತ್ರ ಹಸಿ ಮಾಂಸದಂತೆ ಇತ್ತು. ಈಗ ಅದೇ ಜಾಗ ಎಳೆಗೂಸಿನ ಒಸಡಿನ ಹಾಗೆ ತೆಳು ಗುಲಾಬಿ. ಅಲ್ಲೊಂದು ಇಲ್ಲೊಂದು ಕೆಂಪು ಮಚ್ಚೆ ಮಾತ್ರ. ಡಾಕ್ಟರು ನಳಿಗೆಯನ್ನು ಹಿಂದೆ ಮುಂದೆ ಮಾಡಿ ಎರಡೆರಡು ಸಲ ನೋಡಿದರು. ಸರ್ಜನ್ನರು ಬಗ್ಗಿ ನೋಡಿ, "ನನಗಿಲ್ಲಿ ಕೆಲಸ ಇಲ್ಲ," ಎಂದು ಕೈಗವಸು ಬಿಚ್ಚಿ ಹೋದರು.

"ಕರುಳು ನಿಮ್ಮದೇ ಸಾರ್, ಇಟ್ಕೊಳ್ಳಿ," ಎಂದರು ಡಾಕ್ಟರು. "ಆದ್ರೆ ಕಾಯಿಲೆ ಪೂರ್ತಿ ಹೋಯ್ತು ಅನ್ಕೋಬೇಡಿ. ಮತ್ತೆ ಕೆರಳಬಹುದು. ಸ್ಟೀರಾಯ್ಡ್ ನಿಧಾನಕ್ಕೆ ಇಳಿಸಿ ನಿಲ್ಲಿಸೋಣ, ಇನ್ನೊಂದು ಮಾತ್ರೆ ಮಾತ್ರ ಬಿಡೋ ಹಾಗಿಲ್ಲ. ಒಳಗೆ ಸಮಾಧಾನ ಹೇಳೋರು ಇದಾರೆ, ಅವರ ಕೆಲಸ ಅವರು ಮಾಡ್ಲಿ."

ಮಲಗಿದಲ್ಲೇ ಅತ್ತುಬಿಟ್ಟೆ. ಅಪ್ಪ ತೀರಿಕೊಂಡಾಗ ಅತ್ತದ್ದು, ಆಮೇಲೆ ಇವತ್ತೇ. ಡಾಕ್ಟರು ಹತ್ತಿ ಕೊಟ್ಟರು. ಕಣ್ಣಿಗೋ ಮತ್ತೆಲ್ಲಿಗೋ ಎಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡಿದ್ದೆ.

ಮಧ್ಯಾಹ್ನ ಬಸ್ಸು ಹತ್ತಿದೆವು. ಒಳಗೆ ಜಾಗವಿತ್ತು, ಹೋಗಿ ಕಿಟಕಿಯ ಪಕ್ಕ ಕೂತೆ. ಗಾಳಿ ಚೆನ್ನಾಗಿತ್ತು. ಇಷ್ಟೇ ನೆನಪು.

"ಸಾರ್, ಲಾಸ್ಟ್ ಸ್ಟಾಪ್, ಇಳ್ಕೊಳ್ಳಿ," ಎಂದು ಕಂಡಕ್ಟರು ಭುಜ ಅಲುಗಿಸಿದಾಗ ಕಣ್ಣು ಬಿಟ್ಟೆ. ಚಂದ್ರಾ ಲೇಔಟ್! ನಾವು ಇಳಿಯಬೇಕಾದ ವಿಜಯನಗರ ಹೋಗಿ ಎಷ್ಟು ಹೊತ್ತಾಗಿತ್ತೋ. "ಏನೇ ಇದು, ಎಬ್ಬಿಸೋಕೇನಾಗಿತ್ತು ನಿಂಗೆ?" ಎಂದು ಸುವರ್ಣಾಳ ಕಡೆ ತಿರುಗಿದೆ.

"ಮೂರು ವರ್ಷದಿಂದ ಬಸ್ಸು ಹತ್ತಿದ್ರೆ ಬಾಗಿಲ ಕಂಬಿ ಹಿಡ್ಕೊಂಡು ನಿಂತಿರ್ತಿದ್ರಿ, ಯಾವಾಗ ಇಳಿದು ಓಡ್ಬೇಕೋ ಅಂತ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. "ಇವತ್ತು ಕೂತ್ರಿ. ಕೂತು ಗೊರಕೆ ಹೊಡೆದ್ರಿ. ಎಬ್ಬಿಸೋಕೆ ಕೈ ಬರ್ಲಿಲ್ಲ ಕಣ್ರೀ."

ಇನ್ನಷ್ಟು ಬೈಯಲು ಬಾಯಿ ತೆರೆದವನು ಮರೆತುಬಿಟ್ಟೆ. ಇಬ್ಬರೂ ಇಳಿದು ಮನೆಯವರೆಗೆ ನಡೆದೇ ಬಂದೆವು, ನಿಧಾನವಾಗಿ, ದಾರಿಯಲ್ಲಿ ಎಲ್ಲೂ ನಿಲ್ಲದೆ.